ಮೇಷ್ಟ್ರ ಗ್ರೀಕ್ ಕ್ರಿಯಾಪದವೂ ನನ್ನ ಜಾಳು ಕಂಬಳಿಯೂ

ಐವತ್ತರ ದಶಕದಲ್ಲಿ ಇಡೀ ಮಧುಗಿರಿಗೆ ಗ್ರೀಕ್ ಭಾಷೆ ಬಲ್ಲವರು ಒಬ್ಬರೇ ಒಬ್ಬರಿದ್ದರು. ಅವರ ಕಣ್ಣಿಗೆ ಬೀಳದಂತೆ ಊರಿಗೆ ಊರೇ ತಪ್ಪಿಸಿಕೊಂಡು ಓಡಾಡುತ್ತಿತ್ತು!

ಹುಡುಗುತನದಲ್ಲಿ ಪಾದ್ರಿಗಳ ಬಳಿ ಗ್ರೀಕ್ ಕಲಿತು, ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಅವರು. ಕಲಿತದ್ದರಲ್ಲಿ ಒಂದು ಕ್ರಿಯಾಪದ ಮಾತ್ರ ಸದಾ ನಾಲಿಗೆಯ ಮೇಲಿರುತ್ತಿತ್ತು: ಸ್ಪ್ಲಾಂಖ್ನಿಜೊಮೈ. ಹೇಳಿ ನೋಡಿ! ಕಾದ ಎಣ್ಣೆಗೆ ಸಾಸಿವೆ ಬಿದ್ದಂತಾಗುವುದಿಲ್ಲವೇ?

ನಾನಾಗ ಶಿರಾ ಸೀಮೆಯ ಕಂಬಳಿಗಳನ್ನು ಸೈಕಲ್ಲಿಗೆ ಹೇರಿಕೊಂಡು ಕೊರಟಗೆರೆ, ಮಧುಗಿರಿ, ಪಾವಗಡದ ಸಂತೆಗಳಲ್ಲಿ ಮಾರುತ್ತಿದ್ದೆ. "ಹಂಗಂದ್ರೆ ಏನು ಮೇಷ್ಟ್ರೇ?" ಎಂದು ಒಮ್ಮೆ ಕೇಳಿ ಕೆಟ್ಟೆ.

"ಕನಿಕರ ಪಡೋದು ಅಂತಾರೆ. ಸಾಲದು ಕಣಯ್ಯ! ಆ ಪದದೊಳಗೆ ಕರುಳಿದೆ. ಕಂಡ ಕೂಡಲೆ ಕರುಳು ಹಿಂಡಬೇಕು. ಅಷ್ಟೇ ಅಲ್ಲ, ಯೇಸುಸ್ವಾಮಿ ಕತೆಗಳಲ್ಲಿ ಈ ಪದ ಬಂತು ಅಂದ್ರೆ ಹಿಂದೇನೇ ಯಾರದೋ ಕೈಯೋ ಕಾಲೋ ಆಡುತ್ತೆ. ಒಬ್ಬ ಕುಷ್ಠರೋಗೀನ ಮುಟ್ತಾನೆ, ಒಬ್ಬ ಗಾಯಕ್ಕೆ ಎಣ್ಣೆ ಹುಯ್ತಾನೆ, ಮಗನ್ನ ಕಂಡು ಒಬ್ಬ ಅಪ್ಪ ಓಡ್ತಾನೆ. ಹಿಂಡಿದ ಕರುಳು ಸುಮ್ಮನೆ ಕೂತಿದ್ದು ನಾನಂತೂ ಕಾಣೆ!"

ಇದರಿಂದ ಅವರಿಗೊಂದು ಚಾಳಿ ಅಂಟಿತ್ತು. ಯಾರಾದರೂ "ಅಯ್ಯೋ ಪಾಪ" ಎಂದರೆ ಸಾಕು, ತಟ್ಟನೆ "ಆಮೇಲೆ?" ಎನ್ನುವರು.

ಒಮ್ಮೆ ಪಾವಗಡದ ಬಸ್ಸಿನಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಸೀಟಿನಲ್ಲಿ ಕೂತಿದ್ದವನೊಬ್ಬ, "ಅಯ್ಯೋ ಪಾಪ, ಎಷ್ಟೊತ್ತಿಂದ ನಿಂತವ್ಳೆ!" ಎಂದ.

"ಆಮೇಲೆ?" ಎಂದರು ಮೇಷ್ಟ್ರು.

ಅವನು ಗೊಣಗುತ್ತ ಎದ್ದು ಜಾಗ ಕೊಟ್ಟ. "ಈವಯ್ಯ ಇರೋ ಬಸ್ಸಲ್ಲಿ ಬಾಯ್ ಬುಡೋ ಹಂಗಿಲ್ಲ ಕಣ್ಲಾ!"

ಬಾಯಿ ಬಿಡದ ನಾನು ಹಾಯಾಗಿ ಕೂತೇ ಪಾವಗಡ ಸೇರಿದೆ.

ಒಂದು ಚಳಿಗಾಲ ಮೇಷ್ಟ್ರು ನನ್ನಿಂದ ಎರಡು ಕಂಬಳಿ ಕೊಂಡರು. ಒಂದು ಗಟ್ಟಿ ನೇಯ್ಗೆಯದು. ಇನ್ನೊಂದು ಜಾಳು, ಕಣ್ಣಿಗೆ ಅಡ್ಡ ಹಿಡಿದರೂ ಮಧುಗಿರಿ ಬೆಟ್ಟ ಪೂರ್ತಿ ಕಾಣುವಷ್ಟು ಜಾಳು! ಎರಡಕ್ಕೂ ಒಂದೇ ಬೆಲೆ ಹೇಳಿ ಗಿಟ್ಟಿಸಿದೆ. (ನೀವು ಕಂಬಳಿ ಕೊಳ್ಳುವಾಗ ಬಿಸಿಲಿಗೆ ಹಿಡಿದು ನೋಡಿ. ಈ ಬುದ್ಧಿಮಾತು ಪುಕ್ಕಟೆ.) ಒಂದು ಕಂಬಳಿ, ಸಂತೆಯ ಬಾಯಲ್ಲಿ ನಡುಗುತ್ತ ಕೂತಿದ್ದ ಮುದುಕಿಗಂತೆ.

ನಾನು ಅವರ ಕಿವಿಯಲ್ಲಿ, "ಜಾಳುದ್ನ ಕೊಡಿ ಮೇಷ್ಟ್ರೇ, ಅವ್ಳಿಗೇನ್ ಗೊತ್ತಾಯ್ತದೆ?" ಎಂದೆ.

"ಓಹೋ, ಜಾಳು ಅಂತ ನಿನಗೆ ಗೊತ್ತಿತ್ತು!" ಎಂದವರೇ ಗಟ್ಟಿಯದನ್ನು ಮುದುಕಿಗೆ ಹೊದಿಸಿ, ಜಾಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ನಡೆದರು. ನಾನು ಸೈಕಲ್ಲಿನ ಮೇಲಿನ ಕಟ್ಟನ್ನು ಬಿಚ್ಚಿ ಮತ್ತೆ ಬಿಗಿಯತೊಡಗಿದೆ.

ಮರುವರ್ಷ ಪಾವಗಡದ ಬಾಡಿಗೆ ಕೋಣೆಯಲ್ಲಿ ವಿಷಮಶೀತಜ್ವರ ನನ್ನನ್ನು ಕೆಡವಿತು. ನಾನು ಉಳಿಯುತ್ತೇನೆಂದು ಯಾರೂ ನಂಬಿರಲಿಲ್ಲ, ನಾನೂ ಸೇರಿ. ಕೋಣೆಯ ಯಜಮಾನ ದಿನವೂ ಹೊಸ್ತಿಲಾಚೆ ನಿಂತು "ಅಯ್ಯೋ ಪಾಪಂ! ಎಂಗಿದ್ದ ಮನ್ಸ ಎಂಗಾಗೋದ!" ಎಂದು ಹೇಳಿ ಹೋಗುವನು. ಮೂರನೆಯ ದಿನವೂ ಅಂದ. ಅವನ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಆಮೇಲೆ?"

ಸಂತೆಯಲ್ಲಿ ನನ್ನನ್ನು ಕಾಣದೆ ವಿಚಾರಿಸಿ, ಮೇಷ್ಟ್ರು ಬಸ್ಸು ಹತ್ತಿ ಬಂದಿದ್ದರು! ಯಜಮಾನನನ್ನು ಡಾಕ್ಟರ ಮನೆಗೆ ಓಡಿಸಿದರು. ತಾವು ಅಲ್ಲೇ ಉಳಿದರು. ಗಂಜಿ ಕಾಯಿಸಿ ಕುಡಿಸಿದರು, ನನ್ನ ಹೊಲಸು ಬಟ್ಟೆ ಒಗೆದರು. ಅಷ್ಟು ದಿನಗಳಲ್ಲಿ ಆ ಗ್ರೀಕ್ ಪದ ಒಂದು ಸಲವೂ ಅವರ ಬಾಯಿಂದ ಬರಲಿಲ್ಲ.

ಜ್ವರ ಬಿಟ್ಟ ಬೆಳಗ್ಗೆ ಕಣ್ಣು ತೆರೆದೆ. ಮೇಷ್ಟ್ರು ಬಾಗಿಲ ಬಳಿ ಮುದುಡಿ ಮಲಗಿದ್ದರು. ಹೊದ್ದಿದ್ದು ನಾನೇ ಮಾರಿದ ಆ ಜಾಳು ಕಂಬಳಿ. ಅದರ ಒಂದೊಂದು ಸಂದಿಯೂ ನನಗೆ ಗೊತ್ತಿತ್ತು.

"ಅಯ್ಯೋ ಪಾಪ" ಎಂದೆ.

ನಿಲ್ಲಲು ಕಾಲಿನಲ್ಲಿ ಬಲವಿರಲಿಲ್ಲ. ತೆವಳಿಕೊಂಡೇ ಮೂಲೆಗೆ ಹೋಗಿ, ಮಾರಲು ತಂದ ಕಟ್ಟನ್ನು ಬಿಚ್ಚಿ, ಎಲ್ಲಕ್ಕಿಂತ ಗಟ್ಟಿ ನೇಯ್ಗೆಯದನ್ನು ಎಳೆದು ತಂದು ಅವರ ಮೇಲೆ ಹೊದಿಸಿದೆ. ಮೇಷ್ಟ್ರು ಕಣ್ಣು ತೆರೆದರು. "ಆಮೇಲೆ?" ಎನ್ನುವರೆಂದು ಕಾದೆ.

ಅವರು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ನಿದ್ದೆ ಹೋದರು.