ಮೇಷ್ಟ್ರ ಮೈಮೇಲೆ ಬಂದ ರಾಕ್ಷಸ

ಊರಿನಲ್ಲಿ ಕವಡೆ ಹಾಕಿ ಶಾಸ್ತ್ರ ಹೇಳುವುದನ್ನು ಯುಗಾದಿಯೊಳಗೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಈ ಮೀಸೆ ಬೋಳಿಸುತ್ತೇನೆ ಎಂದು ಚಿಕ್ಕನರಸಯ್ಯ ಮೇಷ್ಟ್ರು ಹೆಡ್‌ಮಾಸ್ಟರ್ ನಾಗಲಿಂಗಯ್ಯನವರ ಎದುರೇ ಶಪಥ ಮಾಡಿದ್ದರು. ನಾಗಲಮಡಿಕೆ ಸೀಮೆಯಲ್ಲಿ ಅಂಥ ಮೀಸೆ ಇನ್ನೊಂದಿರಲಿಲ್ಲ. ದಿನಾ ಹರಳೆಣ್ಣೆ ಕುಡಿದು ಬೆಳೆದ ಮೀಸೆ ಅದು!

ಎಂಬತ್ತೈದರ ಸಂಕ್ರಾಂತಿಗೆ ಬಂದ ಭಾವಮೈದ ಬೆಂಗಳೂರಿನ ಹಾಸ್ಟೆಲಿನಿಂದ ಒಂದು ಇಂಗ್ಲಿಷ್ ಆಟದ ಪುಸ್ತಕ ತಂದುಕೊಟ್ಟ. ಒಬ್ಬ ಕಥೆ ಹೇಳಬೇಕು. ಗುಹೆಯೂ ಅವನೇ, ರಾಕ್ಷಸನೂ ಅವನೇ. ಉಳಿದವರು ವೀರರಾಗಿ, ನಾನು ಹೀಗೆ ಮಾಡುತ್ತೇನೆ ಅನ್ನಬೇಕು. ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಅದಕ್ಕೆ ಬೇಕಾದ ಇಪ್ಪತ್ತು ಮುಖದ ದಾಳ ಪಾವಗಡದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮೇಷ್ಟ್ರು ಮನೆಯ ಚೌಕಾಬಾರದ ಕವಡೆಗಳನ್ನೇ ತೆಗೆದರು.

ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಆಟ ಶುರು. ವೀರವನಿತೆ, ಹೆಂಡತಿ ದಾಸಮ್ಮ.

“ಗುಹೆ ಬಾಗಿಲಲ್ಲಿದ್ದೀಯ. ಏನು ಮಾಡ್ತೀಯ?”

“ಕಸ ಗುಡಿಸ್ತೀನಿ. ಬಾವಲಿ ಹಿಕ್ಕೆ ಬಿದ್ದಿರ್ತೈತೆ.”

ಇವಳನ್ನು ನಡುಗಿಸಲೇಬೇಕೆಂದು ಮೇಷ್ಟ್ರು ಕಂಬಳಿ ಹೊದ್ದು, ಕಣ್ಣು ಮೇಲಕ್ಕೆ ಸಿಕ್ಕಿಸಿ, ಕವಡೆ ಕುಲುಕುತ್ತ, ಯಾರು ಬಂದವರು, ಏನು ಬೇಕು ಎಂದು ಅಬ್ಬರಿಸಿದರು. ಅದೇ ಹೊತ್ತಿಗೆ ಮಜ್ಜಿಗೆ ಕೊಡಲು ಬಂದ ಕುರಿ ಕಾಯುವ ಹೊನ್ನಕ್ಕ ಚೆಂಬು ಕೆಳಗಿಟ್ಟು ಕೈಮುಗಿದಳು.

“ನನ್ನ ಕರೇ ಕುರಿ ಕಳೆದು ಮೂರು ದಿನ ಆತು ನಮ್ಮಪ್ಪ. ಎಲ್ಲೈತೆ ಹೇಳು.”

ಹೊಸ ಆಟಗಾರ್ತಿ ಸಿಕ್ಕಿದಳೆಂದು ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಕವಡೆ ಚೆಲ್ಲಿ, ಬೆಟ್ಟದ ಬಡಗಣ ಬಂಡೆ ಸಂದಿಯಲ್ಲಿ ನನ್ನ ಸೆರೆಯಲ್ಲಿದೆ ಎಂದು ಗರ್ಜಿಸಿದರು. ದಾಸಮ್ಮ ಸೆರಗು ಬಾಯಿಗೊತ್ತಿಕೊಳ್ಳುವಷ್ಟರಲ್ಲಿ ಹೊನ್ನಕ್ಕ ಬೀದಿ ದಾಟಿದ್ದಳು.

ಹಾಳಾದ ಕುರಿ ಅಲ್ಲೇ ಇತ್ತು! ಅದೂ ಮರಿ ಹಾಕಿಕೊಂಡು.

ಮರುದಿನ ಬೆಳಿಗ್ಗೆ ಮನೆ ಮುಂದೆ ತೆಂಗಿನಕಾಯಿ ಹಿಡಿದ ಜನರ ಸಾಲು. ಇದು ಬರೀ ಆಟ ಎಂದು ಮೇಷ್ಟ್ರು ಪುಸ್ತಕ ತೋರಿಸಿದರು. ಅದರಲ್ಲಿದ್ದ ರಾಕ್ಷಸನ ಚಿತ್ರ ಕಂಡು ಇಬ್ಬರು ಅಡ್ಡಬಿದ್ದರು. ಇಪ್ಪತ್ತು ವರ್ಷದಿಂದ ಶಾಸ್ತ್ರ ಹೇಳುತ್ತಿದ್ದ ಕಾಟಪ್ಪ, ತನ್ನ ಕವಡೆಗೆ ಮರಿ ಸಮೇತ ಕುರಿ ಎಂದೂ ಸಿಕ್ಕಿಲ್ಲ, ಮಂತ್ರ ಹೇಳಿಕೊಡಿ ಎಂದು ಗೋಗರೆದ.

ಅಷ್ಟರಲ್ಲಿ ಸೈಕಲ್ಲಿನಲ್ಲಿ ಹೆಡ್‌ಮಾಸ್ಟರು ಬಂದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ವಿಜ್ಞಾನ ಪಾಠ ಮಾಡುವವರು, ಅವರು ಹೇಳಿದರೆ ಊರು ಕೇಳುತ್ತದೆ. ನಾಗಲಿಂಗಯ್ಯನವರು ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಕೈಚೀಲದಿಂದ ಮೆಲ್ಲಗೆ ಒಂದು ಕಾಯಿ ತೆಗೆದರು.

“ಮಧುಗಿರಿಗೆ ಟ್ರಾನ್ಸ್‌ಫರ್ ಈ ವರ್ಷನಾದ್ರೂ ಆಗ್ತೈತಾ, ನೋಡಿ ಹೇಳಿ ಮೇಷ್ಟ್ರೇ. ಹೇಳಿದ್ರೆ ಮೀಸೆ ಮಾತು ನಾನು ಮರೆತ್ಬುಡ್ತೀನಿ.”

ಒಳಗಿನಿಂದ ದಾಸಮ್ಮ ಕೂಗಿದಳು. “ಏನಂದ್ರೆ, ಕಂಬ್ಳಿ ತರ್ಲಾ, ಬ್ಲೇಡು ತರ್ಲಾ?”

ಮೇಷ್ಟ್ರು ಒಮ್ಮೆ ಮೀಸೆ ಸವರಿಕೊಂಡರು.

“ಕಂಬ್ಳಿ,” ಎಂದರು.