ಫ್ರೆಂಚ್ ಮಾವನ ಸರ್ವೀಸು

ಬ್ಯಾಂಕಿನಲ್ಲಿ ಕೆಲಸ ಮಾಡುವವರು ಯಾರ ಜೀವನಚರಿತ್ರೆಯನ್ನೂ ಬರೆಯಲು ಹೋಗಬಾರದು. ಅನುಭವದಿಂದ ಹೇಳುತ್ತಿದ್ದೇನೆ, ನಗಬೇಡಿ. ನಮಗೆ ಗೊತ್ತಿರುವುದು ಒಂದೇ ಥರದ ಬದುಕು: ಮನುಷ್ಯ ಕೆಲಸಕ್ಕೆ ಸೇರುತ್ತಾನೆ, ವರ್ಗವಾಗುತ್ತಾನೆ, ಬಡ್ತಿಗೆ ಕಾಯುತ್ತಾನೆ, ಕೊನೆಗೊಂದು ಸಂಜೆ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುತ್ತಾನೆ. ನಮ್ಮ ಶಾಖೆಯಲ್ಲಿ ಯಾರು ನಿವೃತ್ತರಾದರೂ ವಿದಾಯ ಭಾಷಣ ಬರೆಯುವವನು ನಾನು. ವಿಜಯವಾಡದಲ್ಲಿದ್ದಾಗ ಅಂಟಿದ ಈ ಚಾಳಿ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೂ ಬಿಟ್ಟಿಲ್ಲ. ಬೆಳಿಗ್ಗೆ ಗಿರಾಕಿಗಳ ಮೇಲೆ ಎಗರಾಡಿದವರನ್ನು ಸಂಜೆಯ ಹೊತ್ತಿಗೆ 'ತಾಳ್ಮೆಯ ಸಾಕಾರಮೂರ್ತಿ' ಮಾಡುವ ವಿದ್ಯೆ ನನಗೆ ಕರಗತ. ಇಂಗ್ಲಿಷು, ತೆಲುಗು, ಕನ್ನಡ, ಯಾವ ಭಾಷೆಯಲ್ಲಿ ಬೇಕಾದರೂ ಮಾಡಿಕೊಡುತ್ತೇನೆ.

ನನ್ನ ತಾಪತ್ರಯ ಶುರುವಾದದ್ದು ಮಗಳು ಸಿರಿಯಿಂದ. ನಮ್ಮದು ತಿಪಟೂರು. ಆದರೆ ಅವಳು ಅಕ್ಷರ ಕಲಿತದ್ದು ವಿಜಯವಾಡದಲ್ಲಿ, ಈಗ ಒಂಬತ್ತನೇ ತರಗತಿ ಓದುತ್ತಿರುವುದು ಇಲ್ಲಿ. ಜಗಳ, ನಗು, ನಿದ್ದೆಯಲ್ಲಿ ಕನವರಿಕೆ ಎಲ್ಲವೂ ತೆಲುಗಿನಲ್ಲಿ. ನನ್ನನ್ನು ಕರೆಯುವುದೂ 'ಅಪ್ಪಾ' ಎಂದಲ್ಲ, 'ನಾನ್ನಾ' ಎಂದು. ಕನ್ನಡ ಏನಿದ್ದರೂ ಅಡುಗೆಮನೆಗೆ. ತಿಪಟೂರಿನಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮಮ್ಮ ಭಾನುವಾರ ಫೋನ್ ಮಾಡುತ್ತಾರೆ. "ಊಟ ಆಯ್ತಾ ಪುಟ್ಟಿ?" "ಆಯ್ತು ಅಜ್ಜಿ." ಅಲ್ಲಿಗೆ ಮುಗಿಯಿತು, ಫೋನು ನನ್ನ ಕೈಗೆ. ಅಜ್ಜಿಗೆ ಮೊಮ್ಮಗಳೆಂದರೆ ಪ್ರಾಣ, ಮೊಮ್ಮಗಳಿಗೂ ಅಷ್ಟೇ, ಆದರೆ ಇಬ್ಬರ ನಡುವೆ ಮಾತೇ ಇಲ್ಲ. ಹಾಗಾಗಿ ಈ ಸಲ ರಾಜ್ಯೋತ್ಸವಕ್ಕೆ ಅಮ್ಮ ಇಲ್ಲಿಗೇ ಬರುತ್ತಾರೆಂದು ಗೊತ್ತಾದ ಕೂಡಲೇ ತೀರ್ಮಾನಿಸಿಬಿಟ್ಟೆ. ಇಲ್ಲಿನ ಕನ್ನಡಿಗರ ಕೂಟದ ವೇದಿಕೆಯ ಮೇಲೆ, ಅಜ್ಜಿಯ ಎದುರಿಗೆ, ಸಿರಿ ಕನ್ನಡದಲ್ಲಿ ಮಾತಾಡಲೇಬೇಕು. ಬಂಗಾಳ ಕೊಲ್ಲಿ ಉಕ್ಕಿ ಬಂದರೂ ಸರಿ. ಅಂದಿನಿಂದಲೇ ಮನೆಯಲ್ಲಿ ತೆಲುಗು ಕೂಡದೆಂದು ಕಟ್ಟಪ್ಪಣೆಯನ್ನೂ ಹೊರಡಿಸಿದೆ.

ಸಿರಿ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ನಮ್ಮ ಮೇಲಿನ ಮನೆಯಲ್ಲಿ ಕಾರವಾರದ ಕಡೆಯ ನೇವಿ ಅಧಿಕಾರಿಯ ಕುಟುಂಬವಿದೆ. ಆ ಅಧಿಕಾರಿಯ ಹೆಂಡತಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾರೆ. ಅಲ್ಲಿ ಕಲಿಯಲು ಹೋಗುವ ಸಿರಿಗೆ ಹಿಂದಿನ ಕಾಲದ ಒಬ್ಬ ಫ್ರೆಂಚ್ ಸಂಗೀತಗಾರನ ಹುಚ್ಚು ಹಿಡಿದಿತ್ತು. ಮಾತಾಡಿದರೆ ಅವನ ಬಗ್ಗೆಯೇ, ಇಲ್ಲದಿದ್ದರೆ ಇಲ್ಲ! ಅವನ ಹೆಸರು ಹೇಳೋಣವೆಂದರೆ ಬರೆಯುವುದೊಂದು, ಓದುವುದೊಂದು, ನನ್ನ ನಾಲಿಗೆ ಹೊರಳುವುದು ಮತ್ತೊಂದು. ನನ್ನ ಹೆಂಡತಿ ಸುಮಾ ಈ ಗೋಳೇ ಬೇಡವೆಂದು ಅವನಿಗೆ 'ಫ್ರೆಂಚ್ ಮಾವ' ಎಂದು ನಾಮಕರಣ ಮಾಡಿದಳು. ಕೂಟದ ಕಾರ್ಯದರ್ಶಿಗಳು ವಿಷಯ ಕೇಳಿ ತಲೆ ಕೆರೆದುಕೊಂಡರು. "ಅಲ್ಲಾ ಸಾರ್, ರಾಜ್ಯೋತ್ಸವದಲ್ಲಿ ಫ್ರಾನ್ಸಿನವನೇ? ಕನ್ನಡಕ್ಕೆ ಅವನ ಕೊಡುಗೆ ಏನು?" ನಾನು ಬಿಡಲಿಲ್ಲ. "ನನ್ನ ಮಗಳು ಹತ್ತು ನಿಮಿಷ ಕನ್ನಡ ಮಾತಾಡ್ತಾಳಲ್ಲ ಸ್ವಾಮಿ, ಅದೇ ಅವನ ಕೊಡುಗೆ" ಎಂದೆ.

ಭಾಷಣ ಬರೆಯುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತೆ. ಫ್ರೆಂಚ್ ಮಾವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪಾಪ, ಅವರಪ್ಪನಿಗೆ ಮಗ ಅಂಗಡಿಯಲ್ಲಿ ಕೂರಲಿ ಎಂಬ ಆಸೆ. ಇವನು ಓಡಿಹೋಗಿ ಸಂಗೀತಶಾಲೆ ಸೇರಿದ. ಅಲ್ಲಿನ ದೊಡ್ಡ ಬಹುಮಾನಕ್ಕೆ ಮತ್ತೆ ಮತ್ತೆ ಪ್ರಯತ್ನಿಸಿದರೂ ಸಿಗಲಿಲ್ಲ. ಹೊಟ್ಟೆಪಾಡಿಗೆ ಇಗರ್ಜಿಯಲ್ಲಿ ಆರ್ಗನ್ ನುಡಿಸಿದ. ಜೀವ ತೇದು ಬರೆದ ಸಂಗೀತ ನಾಟಕವನ್ನು ಜನ ಕೂಗಿ ನಿಲ್ಲಿಸಿದರು. ಮುಪ್ಪಿನಲ್ಲಿ ಕಿವಿ ಹೋಯಿತು. ಇಷ್ಟನ್ನೂ ನಾನು ಉತ್ಸಾಹದಿಂದ ಕನ್ನಡಕ್ಕಿಳಿಸಿ, ಸಿರಿಯನ್ನು ಎದುರಿಗೆ ಕೂರಿಸಿಕೊಂಡು ಓದಿದೆ: "ಶ್ರೀಯುತರು ಕಿರಿಯ ವಯಸ್ಸಿನಲ್ಲೇ ಇಗರ್ಜಿಯ ಸೇವೆಗೆ ಸೇರ್ಪಡೆಗೊಂಡು, ಬಡ್ತಿಯ ಅವಕಾಶಗಳಿಂದ ವಂಚಿತರಾದರೂ ಎದೆಗುಂದದೆ, ಮೇಲಧಿಕಾರಿಗಳ ಪ್ರಶಂಸೆಗೆ ಪಾತ್ರರಾಗಿ, ಅನಾರೋಗ್ಯ ನಿಮಿತ್ತ ಸ್ವಯಂ ನಿವೃತ್ತಿ ಪಡೆದರು. ಅವರ ನಿವೃತ್ತ ಜೀವನ ಸುಖಮಯವಾಗಿರಲೆಂದು ಹಾರೈಸುತ್ತೇನೆ."

ಸಿರಿ ಕಣ್ಣು ಬಿಟ್ಟುಕೊಂಡು ಕೂತಿದ್ದಳು. "ನಾನ್ನಾ, ಅವರು ಸತ್ತು ಎಷ್ಟೋ ಕಾಲ ಆಯ್ತು!"

ಒಳಗಿನಿಂದ ಸುಮಾ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. "ಹಣ್ಣಿನ ಬುಟ್ಟಿ ಯಾವಾಗ ಕೊಡ್ತಾರಂತೆ ಕೇಳೇ ನಿಮ್ಮಪ್ಪನ್ನ" ಎಂದು ನಕ್ಕು ಒಳಗೆ ಹೋದಳು. ನನಗೆ ರೇಗಿತು. ತಿದ್ದಿ ಬರೆದೆ. ಈ ಸಲ ಫ್ರೆಂಚ್ ಮಾವ 'ಸಂಸ್ಥೆಯ ಆಸ್ತಿ' ಆದ. ಇನ್ನೊಮ್ಮೆ ತಿದ್ದಿದೆ. 'ಕಿರಿಯರಿಗೆ ಮಾರ್ಗದರ್ಶಿ' ಆದ. ಎಷ್ಟು ಬಡಿದಾಡಿದರೂ ಆ ಮನುಷ್ಯ ನನ್ನ ಕೈಯಲ್ಲಿ ಶಾಲು ಹೊದೆದುಕೊಂಡೇ ನಿಲ್ಲುತ್ತಿದ್ದ. ಕೊನೆಗೆ ಸಿರಿ, "ನಂಗೆ ಬಂದಂಗೆ ನಾನೇ ಹೇಳ್ತೀನಿ. ತಪ್ಪಾದ್ರೆ ಆಗ್ಲಿ" ಎಂದಳು. ಹಟದಲ್ಲಿ ನನ್ನ ಮಗಳೇ, ಸಂಶಯವಿಲ್ಲ.

ಕಾರ್ಯಕ್ರಮದ ಸಂಜೆ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಅಮ್ಮನಿಗೆ ಕಿವಿ ಮಂದ. ಮಿಷಿನ್ನು ಕೊಡಿಸಿದ್ದೇವೆ, ಅದು ಯಾವಾಗಲೂ ಅವರ ಪರ್ಸಿನಲ್ಲೇ ವಿಶ್ರಾಂತಿ ಪಡೆಯುತ್ತದೆ. ಸಿರಿ ಮೈಕಿನ ಮುಂದೆ ನಿಂತಳು. "ಅವರ ನಾಟಕ ಜನಕ್ಕೆ ಹಿಡಿಸ್ಲಿಲ್ಲ. ಅವರಿಗೆ ಚಾಲಾ ಬೇಜಾರಾಯ್ತು" ಎಂದಳು. 'ತುಂಬಾ' ಬದಲು ತೆಲುಗಿನ 'ಚಾಲಾ' ನುಸುಳಿದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ಕೆಕ್ಕರಿಸಿದೆ. ಸಿರಿ ನಿಲ್ಲಿಸಲಿಲ್ಲ. "ಆದ್ರೂ ಮಾರನೇ ದಿನ ಬೆಳಿಗ್ಗೆ ಹೋಗಿ ಆರ್ಗನ್ ಮುಂದೆ ಕೂತ್ರು. ಮಕ್ಕಳಿಗೆ ಅಂತ ಒಂದು ಚಿಕ್ಕ ಟ್ಯೂನ್ ಕಟ್ಟಿದ್ರು. ಅದನ್ನೇ ನಾನು ನುಡಿಸೋದು. ಆಮೇಲೆ ಅವರಿಗೆ ಕಿವಿ ಕೇಳ್ತಾ ಇರ್ಲಿಲ್ಲ. ಯಾರ ಹತ್ರಾನೂ ಹೇಳ್ಕೊಳ್ಲಿಲ್ಲ. ನಾಚಿಕೆ."

ಅಮ್ಮ ನನ್ನ ಪಕ್ಕೆಗೆ ತಿವಿದರು. "ಏನಂದ್ಲು? ಕಿವಿ ಕೇಳ್ತಿರ್ಲಿಲ್ಲ ಅಂದ್ಲಾ?" ನಾನು ತಲೆಯಾಡಿಸಿದ್ದೇ ತಡ, ಪರ್ಸು ತೆರೆದು ಮಿಷಿನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಮಿಕ್ಕ ಭಾಷಣವನ್ನು ಅಲುಗಾಡದೆ ಕೇಳಿದರು.

ಮನೆಗೆ ಹೊರಟಾಗ ಅಜ್ಜಿ, ಮೊಮ್ಮಗಳು, ಸುಮಾ ಆಟೋದ ಹಿಂದಿನ ಸೀಟಿನಲ್ಲಿ, ನಾನು ಡ್ರೈವರ್ ಪಕ್ಕದಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ. ಗಾಜುವಾಕ ದಾಟಿದ್ದೆವು, ಮನೆ ಹತ್ತಿರವಾಗುತ್ತಿತ್ತು. ಹಿಂದೆ ಮಾತೋ ಮಾತು.

"ಕಿವಿ ಕೇಳ್ದೆ ಹೆಂಗೇ ಹಾಡು ಕಟ್ತಿದ್ದ?"

"ತಲೇಲಿ ಕೇಳಿಸ್ತಿತ್ತು ಅಜ್ಜಿ."

"ಹೌದು ಕಣೇ, ನಂಗೂ ನಮ್ಮಮ್ಮನ ಹಾಡು ಹಂಗೇ ಕೇಳಿಸ್ತದೆ. ಅವನ ಹೆಂಡತಿ ಏನಂತಿದ್ಲು? ಮಿಷಿನ್ನು ಹಾಕ್ಕೋ ಅಂತ ಪ್ರಾಣ ತಿಂತಿದ್ಲಾ?"

"ಆಗ ಮಿಷಿನ್ ಲೇದು ಅಜ್ಜಿ, ಅಲ್ಲ, ಇರ್ಲಿಲ್ಲ. ನಿಮ್ಮಮ್ಮನ ಹಾಡು ಯಾವುದು? ಹೇಳಿ."

ನಾನು ಕತ್ತು ತಿರುಗಿಸಿ, "ಅಮ್ಮಾ, ಅವನು ಇಗರ್ಜಿ ಕೆಲಸದಿಂದ ನಿವೃತ್ತನಾದದ್ದು" ಎಂದು ಬಾಯಿ ಹಾಕಿದೆ.

"ನೀನು ಸುಮ್ನಿರೋ! ಅವನು ಯಾವಾಗ ರಿಟೈರಾದ ಅಂತ ನಿನ್ನ ಯಾರು ಕೇಳಿದ್ರು?" ಎಂದು ಅಮ್ಮ ಗದರಿ, ಸಿರಿಯ ಕಡೆ ತಿರುಗಿ ಹಾಡು ಶುರುಮಾಡಿದರು.

ಮುಂದಕ್ಕೆ ತಿರುಗಿ ಕೂತೆ. ಎಡಗಡೆ ನಮ್ಮ ಮನೆಯ ಗೇಟು ಬಂತು, ಹೋಯಿತು. ಸುಮಾ ಕೂಡ ನೋಡಿದಳು, ನಿಲ್ಲಿಸಿ ಎನ್ನದೆ ಸೀಟಿಗೊರಗಿದಳು. ಆಟೋ ಊರಾಚೆಯ ದುವ್ವಾಡದ ದಾರಿ ಹಿಡಿದಾಗ ಡ್ರೈವರಿಗೆ ಅನುಮಾನ ಬಂದು, ಇನ್ನೂ ಎಷ್ಟು ದೂರವೆಂದು ತೆಲುಗಿನಲ್ಲಿ ಕೇಳಿದ. ಮನೆಯಲ್ಲಿ ತೆಲುಗು ಕೂಡದೆಂದು ಕಟ್ಟಪ್ಪಣೆ ಮಾಡಿದ್ದ ನಾನು ಅವನ ಕಿವಿಯ ಹತ್ತಿರ ಬಗ್ಗಿ, ಇನ್ನೂ ಸ್ವಲ್ಪ ಮುಂದಕ್ಕೆ ಹೋಗಲಿ ಎಂದು ಅವನ ಭಾಷೆಯಲ್ಲೇ ಪಿಸುಗುಟ್ಟಿದೆ: "ಇಂಕಾ ಕೊಂಚೆಂ ಮುಂದುಕು ಪೋನಿವ್ವು ಬಾಬೂ."