ಮಾಮಾ ಓದಲು ಹೇಳಿದ ಪುಸ್ತಕಗಳು

ನಮ್ಮ ಮಾಮಾ ಓದಲು ಹೇಳಿದ ಪುಸ್ತಕ ಓದಿ ಉದ್ಧಾರವಾದವರು ಬೆಳಗಾವಿಯಲ್ಲಿ ಯಾರೂ ಇಲ್ಲ. ಓದದೆ ಅಟ್ಟಕ್ಕೆ ಎಸೆದವರು ಮಾತ್ರ ಸುಖವಾಗಿದ್ದಾರೆ. ನಾನು ಅರ್ಧ ಓದಿ, ಪೂರ್ತಿ ಓದಿದೆನೆಂದು ಹೇಳಿದವನು. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಬೇಡವೇ?

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಊರ ಹೊರಗಿನ ಮಚ್ಛೆಯಲ್ಲಿ ಅವರದೊಂದು ಸಣ್ಣ ಲೇತ್ ಕಾರ್ಖಾನೆ. ಪಂಪಿನ ಬಿಡಿಭಾಗ ಮಾಡುತ್ತ ನೆಟ್ಟಗೆ ಇದ್ದ ಮನುಷ್ಯ. ಕೆಟ್ಟದ್ದು ಮಾಮಿಯ ಬಲಗೈ ಮಣಿಕಟ್ಟಿನಿಂದ. ರೊಟ್ಟಿ ಬಡಿಯುವುದನ್ನು ಬಿಡದಿದ್ದರೆ ಕೈ ಪೂರ್ತಿ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದರು. ಮಾಮಿ ಬಿಡಲಿಲ್ಲ. "ಮಂದಿ ಬಡದ ರೊಟ್ಟಿ ಇವರಿಗೆ ಗಂಟಲಾಗ ಇಳಿಯೂದಿಲ್ಲ" ಎಂದು ನೋಯುವ ಕೈಯಿಂದಲೇ ದಿನವೂ ಬಡಿದರು. ಮಾಮಾಗೆ ನೋಡಲಾಗಲಿಲ್ಲ. ಜೋಳದ ರೊಟ್ಟಿಗೆ ತಾವೇ ಒಂದು ಮಶೀನು ಮಾಡುತ್ತೇನೆಂದು ಪಣ ತೊಟ್ಟರು.

ಲೇತ್ ಮುಂದೆ ನಿಂತು ಮಾಡಬಹುದಿತ್ತು. ಆದರೆ ಆಗಷ್ಟೇ ಊರಿನಲ್ಲಿ ಇಂಟರ್ನೆಟ್ ಅಂಗಡಿಗಳು ತೆರೆದಿದ್ದವು. ಹೊಸ ವಸ್ತು ತಯಾರಿಸುವುದು ಹೇಗೆ ಎಂದು ಮಾಮಾ ಅಲ್ಲಿ ಹುಡುಕಿದರು. ಮೊದಲು ಇವಿಷ್ಟು ಪುಸ್ತಕ ಓದು ಎಂದು ಉತ್ತರ ಬಂತು. ವ್ಯಾಪಾರದ ವ್ಯೂಹ, ಜಪಾನಿನ ಕಾರ್ಖಾನೆಗಳ ಪದ್ಧತಿ, ಮುಂಬರುವ ತಂತ್ರಜ್ಞಾನ. ಎಲ್ಲವನ್ನೂ ಪುಣೆಯಿಂದ ತರಿಸಿದರು, ಎರಡೆರಡು ಪ್ರತಿ. ಒಂದು ತಮಗೆ, ಇನ್ನೊಂದು ಆ ವಾರ ಕೈಗೆ ಸಿಕ್ಕ ಬಡಪಾಯಿಗೆ.

ಒಂದು ವಾರ ಸಿಕ್ಕವಳು ಮದುಮಗಳು. ಖಾನಾಪುರದಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆ. ಯಾರು ಏನು ಆಯೇರಿ ಕೊಟ್ಟರೆಂದು ನಮ್ಮಲ್ಲಿ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ತಾಮ್ರದ ಹಂಡೆ, ಸ್ಟೀಲಿನ ಡಬ್ಬಿ ಎಂದು ಕೂಗುತ್ತ ಬಂದವನ ಕೈಗೆ ಮಾಮಾನ ಪುಸ್ತಕ ಬಂತು. ಇಂಗ್ಲಿಷ್ ಹೆಸರನ್ನು ಆತ ನಿಷ್ಠೆಯಿಂದ ಕನ್ನಡಕ್ಕೆ ತಿರುಗಿಸಿದ: "ಮದುಮಗಳಿಗೆ ಪುಸ್ತಕ. ಎದುರಾಳಿನ್ನ ಹೊರಗ ಹಾಕೂದು ಹ್ಯಾಂಗ." ಯಾರಿಗೂ ತಪ್ಪಿಹೋಗಬಾರದೆಂದು ಮರಾಠಿಯಲ್ಲೂ ಕೂಗಿದ. ವರನ ತಾಯಿ ಊಟ ಬಿಟ್ಟು ಎದ್ದು ಮಾಮಾನ ಮುಂದೆ ಬಂದು ನಿಂತರು.

"ಅಣ್ಣಾರ, ಎದುರಾಳಿ ಅಂದ್ರ ಯಾರ್ರಿ? ನಾನೇನು?"

"ಅದು ಮುಂದಿನ ಅಧ್ಯಾಯದಾಗ ಐತ್ರಿ ಅಕ್ಕಾರ. ನೀವೂ ಓದ್ರಿ."

ಮರಾಠಿಯಲ್ಲಿ ಕೂಗಿದ್ದು ಖರೆಯೋ, ಕತೆ ಹೇಳಿ ಹೇಳಿ ನಾನೇ ಸೇರಿಸಿದ್ದೋ, ಈಗ ನನಗೇ ಗೊತ್ತಾಗುವುದಿಲ್ಲ. ಅವರು ಊಟ ಬಿಟ್ಟು ಎದ್ದದ್ದು ಮಾತ್ರ ಖರೆ. ಪಕ್ಕದ ಎಲೆ ನನ್ನದೇ ಆಗಿತ್ತು.

ಆಮೇಲೆ ಜಪಾನಿನ ಸರದಿ. ಜಪಾನಿನವರು ಏನನ್ನೂ ಕೂಡಿಡುವುದಿಲ್ಲವಂತೆ, ಬೇಕಾದಾಗ ಬೇಕಾದಷ್ಟೇ ತರಿಸುತ್ತಾರಂತೆ. ಇದನ್ನು ಕಾರ್ಖಾನೆಯಲ್ಲಿ ಮಾಡಿದ್ದರೆ ಕಬ್ಬಿಣ ಇಲ್ಲದೆ ಆಳುಗಳು ಕೂತಿರುತ್ತಿದ್ದರು, ಅಷ್ಟೇ. ಮಾಮಾ ಅಡಿಗೆಮನೆಯಿಂದ ಶುರು ಮಾಡಿದರು. ಜೋಳದ ಚೀಲ ಹೊರಗೆ ಹೋಯಿತು, ಅವತ್ತಿನ ಹಿಟ್ಟು ಅವತ್ತಿಗೆ. ನೆಂಟರು ಬಂದ ದಿನ ಮಾಮಿ ಬೋಗುಣಿ ಹಿಡಿದು ಬಾಜೂ ಮನೆಗೆ ಹೋಗಿ ಬಂದರು.

"ಏನಂದ್ರು ಅವರು?" ಎಂದರು ಮಾಮಾ.

"ನಿಮ್ಮ ಮನ್ಯಾಗ ಜಪಾನ್ ಐತಿ, ನಮ್ಮ ಮನ್ಯಾಗ ಹಿಟ್ಟೈತಿ, ಒಯ್ರಿ ಅಂದ್ರು."

ಚೀಲ ಮರುದಿನವೇ ಒಳಗೆ ಬಂತು.

ಇಷ್ಟಾದರೂ ಮಶೀನು ಹುಟ್ಟಿತು. ಪೂರ್ತಿ ಆಗುವವರೆಗೆ ಕಾಯಬೇಡ, ಅರೆಬರೆ ಇದ್ದಾಗಲೇ ಗ್ರಾಹಕರಿಗೆ ತೋರಿಸು, ಬೈಸಿಕೊ, ತಿದ್ದು ಎಂದು ಪುಸ್ತಕದಲ್ಲಿತ್ತು. ಗ್ರಾಹಕರೆಂದರೆ ಮಾಮಿ ಒಬ್ಬರೇ, ಹಾಗಾಗಿ ಬೈಸಿಕೊಳ್ಳಲು ದೂರ ಹೋಗಬೇಕಾಗಿರಲಿಲ್ಲ. ಮೊದಲ ಮಶೀನಿನಲ್ಲಿ ಹಿಟ್ಟು ಎರಡೂ ತಟ್ಟೆಗೆ ಅಂಟಿ ನಡುವೆ ಹರಿಯಿತು. ಎರಡನೆಯದು ಇಡೀ ಓಣಿಯ ಕರೆಂಟ್ ತೆಗೆಯಿತು. ಮೂರನೆಯದರಲ್ಲಿ ರೊಟ್ಟಿ ಚಂದ್ರನಂತೆ ದುಂಡಗೆ ಬಂತು. ಮಾಮಾ ನನ್ನನ್ನು ಸಾಕ್ಷಿಗೆ ಕರೆಸಿದ್ದರು. ಮಾಮಿ ಹಿಡಿಕೆ ಹಿಡಿದು ಒತ್ತಿದರು, ಮುಖ ಕಿವುಚಿದರು, ಕೈ ತೆಗೆದರು.

"ಇದನ್ನ ಒತ್ತಾಕ ಪೈಲ್ವಾನ ಬೇಕ್ರಿ. ಇದಕ್ಕಿಂತ ಬಡಿಯೂದಽ ಹಗೂರ."

ಮಾಮಾ ಮಶೀನಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಯಾವುದೋ ಪುಸ್ತಕದಲ್ಲಿ ಓದಿದ್ದಿರಬೇಕು, ತಲೆ ಎತ್ತಿ ಕೇಳಿದರು:

"ಹಂಗಾರ ನಿನಗ ಏನ್ ಬೇಕು, ಅದನ್ನರೆ ಹೇಳು."

ಮಾಮಿ ತಮಾಷೆ ಮಾಡುತ್ತಾರೆಂದು ನಾನು ಕಾದೆ. ಮಾಡಲಿಲ್ಲ.

"ಒಂದು ಬಿಸಿ ರೊಟ್ಟಿ ಬೇಕು. ಮದುವಿ ಆದಾಗಿಂದ ಎಲ್ಲಾರದೂ ಊಟ ಆದಮ್ಯಾಲೆ ಆರಿದ್ದನ್ನಽ ತಿಂದೇನಿ. ಹಂಚಿನ ಮ್ಯಾಲಿಂದ ಸೀದಾ ನನ್ನ ತಾಟಿಗೆ ಒಂದೂ ಬಂದಿಲ್ಲ."

ಮಾಮಾ ಎದ್ದು ಕೈ ತೊಳೆದುಕೊಂಡು ಹಿಟ್ಟು ನಾದುವ ಪರಾತದ ಮುಂದೆ ಕೂತರು. ಲೇತ್ ಹಿಡಿದ ಆ ದಪ್ಪ ಬೆರಳುಗಳಿಗೆ ಜೋಳದ ಹಿಟ್ಟು ಎಲ್ಲಿ ಬಗ್ಗೀತು? ಮೊದಲನೆಯದು ಹರಿಯಿತು, ಮುದ್ದೆ ಮಾಡಿ ಮತ್ತೆ ಬಡಿದರು. "ಗುದ್ದಬ್ಯಾಡ್ರಿ, ಬಡೀರಿ. ಅಂಚಿಗೆ ಬರ್ರಿ, ಅಂಚಿಗೆ" ಎನ್ನುತ್ತ ಮಾಮಿ ತಾಟು ಮುಂದಿಟ್ಟುಕೊಂಡು ಮಣೆಯ ಮೇಲೆ ಕೂತಿದ್ದರು. ಕೊನೆಗೆ ಒಂದು ರೊಟ್ಟಿ ಹಂಚಿಗೆ ಬಿತ್ತು, ಒಂದು ಮೂಲೆಯಲ್ಲಿ ಉಬ್ಬಿತು, ಕೈ ಸುಟ್ಟುಕೊಂಡ ಮಾಮಾನಿಂದ ತಾಟಿಗೆ ಬಂತು.

ಮಾಮಿ ಮುರಿದು ಬಾಯಿಗಿಟ್ಟುಕೊಂಡರು. ಅವರ ಕಣ್ಣಲ್ಲಿ ನೀರಿತ್ತೆಂದು ನನ್ನ ನೆನಪು. ನೆನಪನ್ನು ನಂಬದವನು ನಾನು, ಹೊಗೆಗೆ ಇರಬೇಕು ಅನ್ನೋಣವೆಂದರೆ ಅವರ ಮನೆಗೆ ಗ್ಯಾಸ್ ಬಂದು ಬಹಳ ದಿನವಾಗಿತ್ತು.

"ಹ್ಯಾಂಗೈತಿ?" ಎಂದರು ಮಾಮಾ, ಪರೀಕ್ಷೆ ಬರೆದವರಂತೆ.

"ದಪ್ಪ ಆಗೇತಿ" ಎಂದು ಮಾಮಿ ತಾಟನ್ನು ಮತ್ತೆ ಮುಂದೆ ಚಾಚಿದರು.

ಹಸಿದಿದ್ದ ನಾನೂ ನನ್ನ ತಾಟು ಚಾಚಿದೆ. ಮಾಮಾ ನನ್ನ ಕಡೆ ನೋಡಲೇ ಇಲ್ಲ.